ತೋಟದ ಹಳ್ಳದ ನೀರು ತಿಳಿಯಾಗಿದ್ದರೆ ಸಾಕಾ?

ಅಡಿಕೆ ತೋಟದ ಪಕ್ಕದ ಹಳ್ಳದ ನೀರು ತಿಳಿಯಾಗಿದೆ, ಹಳ್ಳ ಚೆನ್ನಾಗಿದೆ ಅನ್ನಬಹುದಾ ಅಂತ ಕೇಳಿದ್ದೀರಿ. ತಿಳಿ ನೀರನ್ನು ನಂಬಬೇಡಿ. ಅಡಿಕೆಯ ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣದ ತಾಮ್ರ ಸೇರಿದ್ದರೂ ನೀರು ತಿಳಿಯಾಗಿಯೇ ಕಾಣಬಹುದು.

ಮಳೆಗಾಲ ಮುಗಿದು ಹರಿವು ಇಳಿದ ಮೇಲೆ, ನೀರು ರಭಸವಾಗಿ ಹರಿಯುವ ಕಡೆ ನಾಲ್ಕಾರು ಕಲ್ಲು ಎತ್ತಿ ಅಡಿಯಲ್ಲಿರುವ ಹುಳು ನೋಡಿ; ಹಳ್ಳದ ಸ್ಥಿತಿ ಅವೇ ಹೇಳುತ್ತವೆ. ಸಾಮಾನ್ಯವಾಗಿ ಬಾಲದಲ್ಲಿ ಮೂರು ಎಳೆ ಇರುವ ಮೇಫ್ಲೈ ಎಂಬ ಕೀಟದ ಮರಿಗಳು, ಮರಳು ಅಂಟಿಸಿ ಗೂಡು ಕಟ್ಟಿದ ಕ್ಯಾಡಿಸ್‌ಫ್ಲೈ ಹುಳುಗಳು ಬಗೆಬಗೆಯಾಗಿ ಸಿಕ್ಕರೆ ಒಳ್ಳೆಯ ಲಕ್ಷಣ. ಬರೀ ಕೆಂಪು ಹುಳುಗಳೇ ಇದ್ದರೆ ಕೊಳೆ ಜಾಸ್ತಿ, ಆಮ್ಲಜನಕ ಕಡಿಮೆ ಇರಬಹುದು.

ಸುಮ್ನೆ ಒಂದೇ ಜಾಗ ನೋಡಿದರೆ ಸಾಲದು. ತೋಟಕ್ಕಿಂತ ಮೇಲೊಂದು ಕಡೆ, ಕೆಳಗೊಂದು ಕಡೆ ಅದೇ ದಿನ ನೋಡಿ. ಮೇಲಿದ್ದ ಹುಳು ಕೆಳಗಿಲ್ಲ ಅಂದರೆ ಅನುಮಾನ ತೋಟದ ಮೇಲೇ, ಅಲ್ವಾ? ಎತ್ತಿದ ಕಲ್ಲನ್ನು ಹಾಗೇ ವಾಪಸ್ ಇಡಿ.