‘ನುಣುಚಿಕೊಳ್ಳು’ ಎಲ್ಲಿಂದ ಬಂತು?

ಪ್ರಶ್ನೆ: ‘ಜವಾಬ್ದಾರಿಯಿಂದ ನುಣುಚಿಕೊಂಡ ಅಧಿಕಾರಿ’ ಅಂತ ಪೇಪರ್‌ನಲ್ಲಿ ಓದಿದೆ. ನಮ್ಮಜ್ಜಿ ಮೀನಿನ ವಿಷಯಕ್ಕೆ ಮಾತ್ರ ಈ ಪದ ಬಳಸುತ್ತಿದ್ದರು. ಮೂಲ ಅರ್ಥ ಯಾವುದು? ‘ನುಸುಳು’ ಅಂದರೂ ಇದೇ ತಾನೇ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ನನ್ನ ವೋಟು ನಿಮ್ಮಜ್ಜಿಗೇ.

ಇದರ ಬೇರು ‘ನುಣ್’, ಅಂದರೆ ನಯವಾದದ್ದು. ನುಣುಪು, ನುಣ್ಣಗೆ ಎಲ್ಲ ಇದರ ಮಕ್ಕಳೇ. ದೂರದ ಬೆಟ್ಟ ನುಣ್ಣಗೆ ಅಂತೀವಲ್ಲ, ಅದೂ ಇದೇ. (ಕೊಡಚಾದ್ರಿ ಹತ್ತಿದವರಿಗೆ ಬೆಟ್ಟ ಎಷ್ಟು ನುಣ್ಣಗೆ ಅಂತ ಗೊತ್ತು, ಬಿಡಿ.) ಈ ‘ನುಣ್’ಗೆ ‘ಚು’ ಸೇರಿ ಕ್ರಿಯಾಪದವಾಗಿದೆ. ದೊಡ್ಡದು ಎನ್ನುವ ಅರ್ಥದ ಹಳಗನ್ನಡದ ‘ಪೆರ್’, ‘ಪೆರ್ಚು’ ಆಗಿ, ಈಗ ‘ಹೆಚ್ಚು’ ಆಗಿದೆಯಲ್ಲ, ಅದೇ ದಾರಿ. ನುಣುಪಾಗಿದ್ದು ಹಿಡಿತಕ್ಕೆ ಸಿಗದೆ ಹೋಗುವುದೇ ನುಣುಚುವುದು.

ಹತ್ತುಮೀನು ಹಿಡಿದವರಿಗೆ ನಿಘಂಟೇ ಬೇಡ. ಮುಂಗಾರಿನ ಮೊದಲ ಮಳೆಗೆ ಹೊಳೆಯಿಂದ ಗದ್ದೆಯ ಕಡೆ ನೀರಿಗೆ ಎದುರಾಗಿ ಮೀನು ಹತ್ತಿ ಬರುತ್ತದೆ. ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು ಎರಡೂ ಕೈಯಲ್ಲಿ ಅಮುಕಿ ಹಿಡಿದಿರುತ್ತೀರಿ. ಅಮುಕಿದಷ್ಟೂ ಅದು ಮುಂದಕ್ಕೆ ಚಿಮ್ಮುತ್ತದೆ. ಅಂಗೈಯಲ್ಲಿ ಉಳಿಯುವುದು ಲೋಳೆ ಮಾತ್ರ. ಮನೆಗೆ ತಂದಮೇಲೂ ಒಲೆಯ ಬೂದಿ ಸವರಿಕೊಂಡೇ ಮೀನು ಕೊಯ್ಯುವುದು, ಅಲ್ವಾ? ನುಣುಪಿಗೆ ಬೂದಿಯೇ ಮದ್ದು.

ಈಗ ಬರೀ ‘ನುಣುಚು’ ಕೇಳಿಸುವುದು ಕಡಿಮೆ. ಜೊತೆಗೆ ‘ಕೊಳ್ಳು’ ಬಂದೇ ಬರುತ್ತದೆ. ಅದು ಬಂದಾಗ ತನಗಾಗಿ, ಬೇಕೆಂದೇ ಮಾಡಿದ್ದು ಅನ್ನುವ ಭಾವ ಸೇರಿತು. ಸೋಪು ಕೈಯಿಂದ ಜಾರುತ್ತದೆ ಅಷ್ಟೆ; ‘ಸೋಪು ನುಣುಚಿಕೊಂಡಿತು’ ಅಂದರೆ ತಮಾಷೆ.

‘ನುಸುಳು’ ಬೇರೆ. ತೋಟದ ದಾರಿಗೆ ಅಡ್ಡ ಹಾಕಿದ ಉಣುಗೋಲಿನ ಗಳ ಸರಿಸದೆ, ನಡುವಿನ ಸಂದಿಯಲ್ಲೇ ಕರು ತೋಟದೊಳಗೆ ನುಸುಳುತ್ತದೆ. ಅಲ್ಲಿ ತಡೆ ಇದೆ, ಸಂದಿ ಇದೆ, ಆದರೆ ಹಿಡಿದ ಕೈ ಇಲ್ಲ. ನೀವು ಓಡಿಹೋಗಿ ಕರುವಿನ ಕೊರಳು ಹಿಡಿದಿರಿ, ಅದು ಕೊಸರಿ ಓಡಿತು ಅನ್ನಿ. ಆಗ ನಿಮ್ಮ ಕೈಯಿಂದ ನುಣುಚಿಕೊಂಡಿತು. ನುಸುಳುವುದು ಸಾಮಾನ್ಯವಾಗಿ ‘ಒಳಗೆ’, ನುಣುಚಿಕೊಳ್ಳುವುದು ಯಾವಾಗಲೂ ಯಾವುದಾದರೂ ಒಂದರ ‘ಇಂದ’.

ಪೇಪರ್‌ನವರದೂ ಸುಮ್ನೆ ತಪ್ಪು ಅನ್ನಲಾರೆ. ಸಭೆಯಲ್ಲಿ ಆ ಅಧಿಕಾರಿಯನ್ನು ಯಾರೋ ಹಿಡಿದು ಕೇಳಿ, ಅವರು ಏನೋ ನಯವಾಗಿ ಹೇಳಿ ಪಾರಾಗಿದ್ದರೆ ಪದ ಸರಿಯಾಗಿಯೇ ಬಿದ್ದಿದೆ. ಸಭೆಗೇ ಬಂದಿರಲಿಲ್ಲ ಅಂದರೆ ಮಾತ್ರ ಅವರು ನುಣುಚಿಕೊಂಡವರಲ್ಲ, ತಲೆತಪ್ಪಿಸಿಕೊಂಡವರು.