ಆಷಾಢದ ಗಾಳಿ, ಎಲ್ಲಿ ನೋಡಿದರೂ ನೀರು: ಕೆಜಿಎಯಲ್ಲಿ ಗಾಲ್ಫ್ ಆಡುವ ಬಗ್ಗೆ

ನಮಸ್ಕಾರ ಸರ್. ಮುಂದಿನ ವಾರ ಬೆಂಗಳೂರಿನ ಕೆಜಿಎ (ಕರ್ನಾಟಕ ಗಾಲ್ಫ್ ಅಸೋಸಿಯೇಷನ್) ಕೋರ್ಸ್‌ನಲ್ಲಿ ಮೊದಲ ಸಲ ಆಡ್ತಿದ್ದೀರಿ, ಹ್ಯಾಂಡಿಕ್ಯಾಪ್ 20 (ಅಂದರೆ ಪಾರ್‌ಗಿಂತ, ಅಂದರೆ ನಿಗದಿತ ಹೊಡೆತಗಳಿಗಿಂತ, ಸುಮಾರು 20 ಹೆಚ್ಚು), ಗಾಳಿಗೂ ನೀರಿಗೂ ಹೇಗೆ ತಯಾರಾಗಲಿ ಅಂತ ಕೇಳಿದ್ದೀರಿ. ಎದುರು ಗಾಳಿ ಇದ್ದಾಗ ಮೈಯೆಲ್ಲ ಬಲ ಹಾಕಿ ಹೊಡೆಯಿರಿ ಎಂದು ಮೇಲೆ ಒಬ್ಬರು ಬರೆದಿದ್ದಾರೆ. ದಯವಿಟ್ಟು ಅದನ್ನು ಮಾತ್ರ ಮಾಡಬೇಡಿ.

ಯಾಕೆ ಅಂದರೆ, ಚೆಂಡನ್ನು ಮೇಲೆತ್ತುವುದು ಬ್ಯಾಕ್‌ಸ್ಪಿನ್, ಅಂದರೆ ಚೆಂಡು ಹಿಮ್ಮುಖವಾಗಿ ತಿರುಗುವುದು. ಜೋರಾಗಿ ಹೊಡೆದಷ್ಟೂ ಸ್ಪಿನ್ ಜಾಸ್ತಿ. ಎದುರಿನಿಂದ ಗಾಳಿ ಬಂದರೆ ಆ ಸ್ಪಿನ್ ಚೆಂಡನ್ನು ಇನ್ನೂ ಮೇಲಕ್ಕೆ ತಳ್ಳುತ್ತದೆ. ಚೆಂಡು ಎದ್ದು ನಿಂತ ಹಾಗಾಗಿ, ನೆಟ್ಟಗೆ ಕೆಳಗೆ ಬೀಳುತ್ತದೆ. ಗ್ರೀನ್ (ಬಾವುಟ ನೆಟ್ಟ ಗುಳಿ ಇರುವ ನುಣುಪು ಹುಲ್ಲಿನ ಜಾಗ) ಮುಂದೆ ನೀರಿದ್ದರೆ ಎಲ್ಲಿ ಬೀಳುತ್ತದೆ ಅಂತ ಹೇಳಬೇಕಾಗಿಲ್ಲ ಅಲ್ವಾ?

ಅದಕ್ಕೇ ಹೆಚ್ಚು ದೂರ ಹೊಡೆಯುವ ದೊಡ್ಡ ಕ್ಲಬ್ (ಕೋಲು) ತೆಗೆದುಕೊಂಡು ಮೆಲ್ಲಗೆ ಬೀಸಿ. ಮಾಮೂಲಿ 9 ಐರನ್ ಹೊಡೆಯುವ ಕಡೆ 7 ಐರನ್ ತೆಗೆಯಿರಿ (ನಂಬರ್ ಸಣ್ಣದಾದಷ್ಟೂ ದೂರ ಜಾಸ್ತಿ). ಹಿಡಿಕೆಯಲ್ಲಿ ಕೈಯನ್ನು ಒಂದಿಂಚು ಕೆಳಗೆ ಇಳಿಸಿ. ಚೆಂಡು ಎಂದಿಗಿಂತ ಒಂದು ಚೆಂಡಿನಷ್ಟು ಹಿಂದೆ ಇರಲಿ. ಭಾರ ಸ್ವಲ್ಪ ಮುಂದಿನ ಕಾಲಿನ ಮೇಲೆ. ಮುಕ್ಕಾಲು ಸ್ವಿಂಗ್ ಸಾಕು. ಹೊಡೆದ ಮೇಲೆ ಕೈಗಳು ಎದೆ ಮಟ್ಟದಲ್ಲೇ ನಿಂತುಬಿಡಲಿ, ಹೆಗಲ ಮೇಲೆ ಸುತ್ತಿ ಹೋಗುವುದು ಬೇಡ. ಇದನ್ನು ಇವತ್ತೇ ಅಭ್ಯಾಸದ ರೇಂಜ್‌ಗೆ ಹೋಗಿ ಶುರು ಮಾಡಿ. ಕೋರ್ಸ್‌ನಲ್ಲಿ, ಅದೂ ನೀರಿನ ಮುಂದೆ ನಿಂತು, ಮೊದಲ ಸಲ ಪ್ರಯತ್ನಿಸುವ ಹೊಡೆತ ಇದಲ್ಲ.

ಲೆಕ್ಕಕ್ಕೆ ಒಂದು ಅಂದಾಜು ಹೇಳ್ತೀನಿ. ಎದುರು ಗಾಳಿ ಗಂಟೆಗೆ 16 ಕಿಲೋಮೀಟರ್ ಇದ್ದರೆ ಸುಮಾರು ಶೇ. 10ರಷ್ಟು ದೂರ ಕಳೆದುಹೋಗುತ್ತದೆ. ಅಂದರೆ 150 ಯಾರ್ಡ್ ಇದ್ದರೆ 165 ಅಂದುಕೊಂಡು ಕ್ಲಬ್ ತೆಗೆಯಬೇಕು. ಅದೇ ಗಾಳಿ ಹಿಂದಿನಿಂದ ಬಂದರೆ ಲಾಭ ಅದರ ಅರ್ಧದಷ್ಟೇ. ಎದುರು ಗಾಳಿ ಕಿತ್ತುಕೊಂಡಷ್ಟನ್ನು ಹಿಂದಿನ ಗಾಳಿ ಕೊಡುವುದಿಲ್ಲ. ಜೊತೆಗೆ ಹಿಂದಿನ ಗಾಳಿಯಲ್ಲಿ ಚೆಂಡು ಇಳಿದ ಜಾಗದಲ್ಲಿ ನಿಲ್ಲುವುದಿಲ್ಲ, ಓಡುತ್ತದೆ. ಗ್ರೀನ್ ಹಿಂದೆ ನೀರಿದ್ದರೆ ಕಣ್ಣು ಬಾವುಟದ ಮೇಲಲ್ಲ, ಗ್ರೀನ್‌ನ ಮುಂದಿನ ಅಂಚಿನ ಮೇಲಿರಲಿ.

ಗಾಳಿ ಯಾವ ಕಡೆಯಿಂದ ಅಂತ ತಿಳಿಯಲು ಕೆಜಿಎಯಲ್ಲಿ ಒಂದು ಅನುಕೂಲ ಇದೆ. ಪಕ್ಕದಲ್ಲೇ ಎಚ್‌ಎಎಲ್ ವಿಮಾನ ನಿಲ್ದಾಣ. ಅದರ ರನ್‌ವೇ ಪೂರ್ವ–ಪಶ್ಚಿಮವಾಗಿದೆ. ವಿಮಾನ ಏರುವುದೂ ಇಳಿಯುವುದೂ ಸಾಮಾನ್ಯವಾಗಿ ಗಾಳಿಗೆ ಎದುರಾಗಿ, ಹಾಗಾಗಿ ಅದು ಹೋಗುವ ದಿಕ್ಕಿನಿಂದಲೇ ಗಾಳಿ ಬರುತ್ತಿರುತ್ತದೆ. ಆಷಾಢದಲ್ಲಿ ಬೆಂಗಳೂರಿನ ಗಾಳಿ ಹೆಚ್ಚಾಗಿ ಪಶ್ಚಿಮದಿಂದ, ನೈಋತ್ಯದಿಂದ ಬೀಸುತ್ತದೆ. ಆಡುವ ಮುಂಚೆ ಕೋರ್ಸ್‌ನ ನಕ್ಷೆ ನೋಡಿ, ಪಶ್ಚಿಮಕ್ಕೆ ಹೋಗುವ ಹೋಲ್‌ಗಳು (ಮೊದಲ ಹೊಡೆತದಿಂದ ಗುಳಿಯವರೆಗಿನ ಒಂದೊಂದು ಹಾದಿ) ಯಾವುವು ಅಂತ ಪೆನ್ನಿನಲ್ಲಿ ಗುರುತು ಹಾಕಿಕೊಳ್ಳಿ. ಆ ಹೋಲ್‌ಗಳಲ್ಲಿ ಬೋಗಿ (ಪಾರ್‌ಗಿಂತ ಒಂದು ಹೊಡೆತ ಹೆಚ್ಚು) ಆದರೂ ಬೇಜಾರು ಬೇಡ, ಅದು ಒಳ್ಳೆ ಸ್ಕೋರೇ.

ಚಲ್ಲಘಟ್ಟ ಕೆರೆ ಇದ್ದ ಜಾಗದಲ್ಲಿ ಆಗಿರುವ ಕೋರ್ಸ್ ಅದು. ಮರಗಳೂ ಚೆನ್ನಾಗಿ ಬೆಳೆದಿವೆ. ಮರದ ಮರೆಯಲ್ಲಿರುವ ಟೀ (ಮೊದಲ ಹೊಡೆತ ಹೊಡೆಯುವ ಜಾಗ) ಮೇಲೆ ನಿಂತು ಹುಲ್ಲು ಕಿತ್ತು ತೂರಿದರೆ ಗಾಳಿಯೇ ಇಲ್ಲ ಅನಿಸಬಹುದು. ಚೆಂಡು ಹೋಗುವುದು ಮರದ ತುದಿಗಿಂತ ಎತ್ತರದಲ್ಲಿ. ಹಾಗಾಗಿ ಮೂರು ಕಡೆ ನೋಡಿ: ಮರದ ತುದಿ, ಬಾವುಟ, ನೀರಿನ ಮೇಲಿನ ಸಣ್ಣ ಅಲೆ. ಇವುಗಳಲ್ಲಿ ನಾನು ಹೆಚ್ಚು ನಂಬುವುದು ನೀರನ್ನು. ಅಲೆ ನಿಮ್ಮ ಕಡೆಗೆ ಓಡಿ ಬರ್ತಿದ್ದರೆ ಗಾಳಿ ಎದುರಿಗಿದೆ. ಅಲೆ ಅಡಗಿ ನೀರು ನುಣ್ಣಗಾದ ಕ್ಷಣ ಗಾಳಿ ಬಿಡುವು ಕೊಟ್ಟಿದೆ ಎಂದರ್ಥ. ನಮ್ಮ ಆಷಾಢದ ಗಾಳಿ ಒಂದೇ ಸಮ ಬೀಸುವುದಿಲ್ಲ, ಬಿಟ್ಟು ಬಿಟ್ಟು ಬರುತ್ತದೆ. ನಿಮ್ಮ ಸರದಿ ಬಂದ ಮೇಲೆ 40 ಸೆಕೆಂಡ್ ಒಳಗೆ ಹೊಡೆಯಿರಿ ಅನ್ನುತ್ತವೆ ನಿಯಮಗಳು. ಒಂದು ಬಿಡುವಿಗೆ ಕಾಯಲು ಅಷ್ಟು ಸಮಯ ಸಾಕು.

ಅಡ್ಡ ಗಾಳಿ ಇದ್ದಾಗ ಗಾಳಿಯ ಜೊತೆ ಜಗಳ ಬೇಡ. ಎಡದಿಂದ ಬೀಸುತ್ತಿದ್ದರೆ ಎಡಕ್ಕೆ ಗುರಿ ಇಟ್ಟು ನೇರ ಹೊಡೆಯಿರಿ, ಗಾಳಿಯೇ ತಂದು ಹಾಕುತ್ತದೆ. ನೀರು ಬಲಕ್ಕಿದ್ದರೆ ಟೀ ಜಾಗದ ಬಲ ತುದಿಯಲ್ಲಿ ಚೆಂಡು ಇಡಿ. ಅಲ್ಲಿಂದ ಎಡಕ್ಕೆ, ನೀರಿನಿಂದ ದೂರಕ್ಕೆ, ಗುರಿ ಇಡುವುದು ಸುಲಭ. ಬಹಳ ಜನ ನೀರಿಗೆ ಹೆದರಿ ಅದಕ್ಕೆ ಉಲ್ಟಾ ತುದಿಗೆ ಹೋಗುತ್ತಾರೆ.

ನೀರಿನ ಮೇಲಿಂದ ಹೊಡೆಯುವಾಗ ಬಾವುಟದ ದೂರ ಒಂದೇ ನೋಡಬೇಡಿ. ನೀರು ದಾಟಲು ಎಷ್ಟು ಬೇಕು, ಗ್ರೀನ್‌ನ ಹಿಂದಿನ ಅಂಚು ಎಷ್ಟು ದೂರ, ಈ ಎರಡನ್ನು ಕ್ಲಬ್ ಹೊರುವ ಕ್ಯಾಡಿ ಅಣ್ಣನನ್ನು ಕೇಳಿ. ನೀರು ಮುಂದಿದ್ದು ಹಿಂದೆ ಜಾಗ ಇದ್ದರೆ ಹಿಂದಿನ ಅಂಚಿಗೇ ಕ್ಲಬ್ ತೆಗೆಯಿರಿ. ಅರೆಬರೆ ತಗುಲಿದರೂ ದಾಟುತ್ತದೆ. ಅದೂ ಸಾಲದು ಅನಿಸಿದರೆ ನೀರಿನ ಈಚೆಗೇ ನಿಲ್ಲಿಸಿ, ಅಲ್ಲಿಂದ ವೆಜ್ (ಹತ್ತಿರದ ಹೊಡೆತದ ಕ್ಲಬ್). ದೊಡ್ಡವರಿಗೂ ಗಾಳಿ ಬಿಟ್ಟಿಲ್ಲ. ಫ್ಲಾರಿಡಾದ ಟಿಪಿಸಿ ಸಾಗ್ರಾಸ್‌ನ 17ನೇ ಹೋಲ್ ಬರೀ 137 ಯಾರ್ಡ್. 2007ರ ಪ್ಲೇಯರ್ಸ್ ಚಾಂಪಿಯನ್‌ಶಿಪ್‌ನ ಮೊದಲ ದಿನ ಗಾಳಿಯಲ್ಲಿ ಅಲ್ಲಿ 50 ಚೆಂಡು ನೀರು ಸೇರಿದವು. ವೆಜ್ ಹಿಡಿದ ವೃತ್ತಿಪರರ ಕಥೆ ಅದು!

ಇನ್ನು ಚೆಂಡು ನೀರಿಗೆ ಬಿದ್ದರೆ. ಇಲ್ಲಿ ಸುಮ್ನೆ ಹೊಡೆತಗಳು ದಂಡವಾಗುತ್ತವೆ, ಅದಕ್ಕೆ ಸ್ವಲ್ಪ ಬಿಡಿಸಿ ಹೇಳ್ತೀನಿ. ನೀರಿನ ಅಂಚಿಗೆ ನೆಟ್ಟ ಗೂಟ ಹಳದಿಯೋ ಕೆಂಪೋ ನೋಡಿ. ಎರಡಕ್ಕೂ ಒಂದು ಹೊಡೆತ ದಂಡ. ಹಳದಿ ಇದ್ದರೆ ಎರಡು ದಾರಿ: ಮೊದಲು ಹೊಡೆದ ಜಾಗಕ್ಕೆ ವಾಪಸ್, ಇಲ್ಲವೇ ಚೆಂಡು ಅಂಚು ದಾಟಿದ ಜಾಗವನ್ನೂ ಬಾವುಟವನ್ನೂ ಒಂದೇ ಗೆರೆಯಲ್ಲಿ ಇಟ್ಟುಕೊಂಡು ನೀರಿನ ಹಿಂದೆ ಎಷ್ಟು ದೂರ ಬೇಕಾದರೂ ಹೋಗಿ ಡ್ರಾಪ್ (ಚೆಂಡನ್ನು ಕೈಯಿಂದ ಬೀಳಿಸುವುದು). ಕೆಂಪು ಇದ್ದರೆ ಮೂರನೇ ದಾರಿಯೂ ಇದೆ: ಅಂಚು ದಾಟಿದ ಜಾಗದಿಂದ ಎರಡು ಕ್ಲಬ್ ಉದ್ದದೊಳಗೆ, ಹೋಲ್‌ಗೆ ಹತ್ತಿರವಾಗದ ಹಾಗೆ. ಚೆಂಡು ಎಲ್ಲಿ ಮುಳುಗಿತು ಅನ್ನುವುದು ಲೆಕ್ಕಕ್ಕಿಲ್ಲ, ಕೊನೆಯ ಸಲ ಎಲ್ಲಿ ಅಂಚು ದಾಟಿತು ಅನ್ನುವುದೇ ಮುಖ್ಯ. ಅಡ್ಡ ಗಾಳಿಯಲ್ಲಿ ಈ ಎರಡು ಜಾಗಗಳ ನಡುವೆ ತುಂಬ ಅಂತರ ಇರುತ್ತದೆ. ಹಾಗಾಗಿ ಹೊಡೆದ ತಕ್ಷಣ ತಲೆ ತಗ್ಗಿಸದೆ, ಚೆಂಡು ಎಲ್ಲಿ ದಾಟಿತು ಅಂತ ಒಂದು ಮರವನ್ನೋ ಬಂಕರನ್ನೋ ಗುರುತಿಟ್ಟುಕೊಳ್ಳಿ. ಗೆರೆಯ ಮೇಲೆ ಹಿಂದೆ ಹೋಗುವುದಾದರೆ ನೀರಿನ ಅಂಚಿಗೇ ಅಂಟಿಕೊಂಡು ಡ್ರಾಪ್ ಮಾಡಬೇಡಿ. ನಿಮ್ಮ ಕೈಗೆ ಒಗ್ಗಿದ ಪೂರ್ತಿ ವೆಜ್ ದೂರಕ್ಕೆ ಹೋಗಿ.

ಡ್ರಾಪ್ ಮೊಣಕಾಲೆತ್ತರದಿಂದ. ನಿಂತ ಚೆಂಡು ಆಮೇಲೆ ತಾನಾಗಿ ಉರುಳಿ ನೀರಿಗೆ ಬಿದ್ದರೆ? 2019ರ ಫೀನಿಕ್ಸ್ ಓಪನ್‌ನ ಕೊನೇ ದಿನ ಅಮೆರಿಕದ ಗಾಲ್ಫರ್ ರಿಕ್ಕಿ ಫೌಲರ್‌ಗೆ 11ನೇ ಹೋಲ್‌ನಲ್ಲಿ ಹೀಗೇ ಆಗಿ, ಇನ್ನೊಂದು ಹೊಡೆತ ದಂಡ ಬಿತ್ತು. ಆದರೂ ಟೂರ್ನಿ ಅವರೇ ಗೆದ್ದರು. 2023ರಿಂದ ನಿಯಮ ಬದಲಾಗಿದೆ. ಈಗ ಹಾಗಾದರೆ ದಂಡವಿಲ್ಲದೆ ಚೆಂಡನ್ನು ವಾಪಸ್ ಇಡಬೇಕು.

ಗ್ರೀನ್ ಮೇಲೆ ಗಾಳಿ ಇದ್ದಾಗ ಕಾಲು ಅಗಲಿಸಿ, ಮೈ ಸ್ವಲ್ಪ ಬಗ್ಗಿಸಿ ನಿಲ್ಲಿ. ಗುರುತಿಟ್ಟು ಎತ್ತಿ ಇಟ್ಟ ಚೆಂಡನ್ನು ಗಾಳಿ ಸರಿಸಿದರೆ ಮತ್ತೆ ಅದೇ ಜಾಗಕ್ಕೆ ಇಡಬೇಕು. ಇನ್ನೂ ಎತ್ತಿಲ್ಲದ ಚೆಂಡು ಗಾಳಿಗೆ ಸರಿದರೆ ಸರಿದ ಜಾಗದಿಂದಲೇ ಆಟ.

ಸಾಧ್ಯವಾದರೆ ಬೆಳಗಿನ ಮೊದಲ ಟೀ ಸಮಯ ತಗೊಳ್ಳಿ, ಬಿಸಿಲೇರಿದ ಹಾಗೆ ಗಾಳಿಯೂ ಏರುತ್ತದೆ. ಯಾವ ಟೀಯಿಂದ ಆಡ್ತೀರಿ, ನಿಮ್ಮ 7 ಐರನ್ ಗಾಳಿ ಇಲ್ಲದಾಗ ಎಷ್ಟು ದೂರ ಹೋಗುತ್ತದೆ ಅಂತ ಬರೆಯಿರಿ. ಪಾರ್ 3 ಹೋಲ್‌ಗಳಿಗೆ (ಮೂರೇ ಹೊಡೆತ ನಿಗದಿಯಾದವು) ಯಾವ ಕ್ಲಬ್ ಅಂತ ಇಲ್ಲೇ ಕೂತು ಲೆಕ್ಕ ಹಾಕೋಣ.