ವೆಬ್ ಸಮಾಜವನ್ನು ಬದಲಿಸಿತೋ, ಸಮಾಜವೇ ವೆಬ್ ಅನ್ನು ರೂಪಿಸಿತೋ? ಪ್ರಬಂಧಕ್ಕೆ ಯಾವ ಸಿದ್ಧಾಂತ ಹಿಡಿಯಲಿ?

ಸಿದ್ಧಾಂತ ಆಮೇಲೆ, ಮೊದಲು ವಸ್ತುವನ್ನು ಚಿಕ್ಕದು ಮಾಡಿಕೊಳ್ಳಿ. ಇಡೀ ವೆಬ್‌ಗೆ ಯಾವ ಸಿದ್ಧಾಂತ ಹೊದಿಸಿದರೂ ಒಪ್ಪುವಂತೆಯೇ ಕಾಣುತ್ತದೆ, ಅದೇ ತೊಂದರೆ. ಒಂದು ಭಾಗ ಸಾಕು. ನನ್ನನ್ನು ಕೇಳಿದರೆ, ಕುಕಿ: ಬಳಕೆದಾರನನ್ನು ಮತ್ತೆ ಗುರುತಿಸಲು ತಾಣ ಅವನ ಬ್ರೌಸರ್‌ನಲ್ಲಿ ಇಡುವ ಚಿಕ್ಕ ಮಾಹಿತಿ.

ಬ್ರೌಸರ್ ಮತ್ತು ತಾಣ ಮಾತಾಡಿಕೊಳ್ಳುವ ನಿಯಮವಾದ ಎಚ್‌ಟಿಟಿಪಿಗೆ ನೆನಪೆಂಬುದಿಲ್ಲ. ಪ್ರತಿ ಕೋರಿಕೆಯೂ ಅದಕ್ಕೆ ಹೊಸದೇ. ಹಾಗಾಗಿ ಆನ್‌ಲೈನ್ ಅಂಗಡಿಯಲ್ಲಿ ಆರಿಸಿಟ್ಟದ್ದನ್ನು ಪುಟದಿಂದ ಪುಟಕ್ಕೆ ಕೊಂಡೊಯ್ಯುವುದೇ ಕಷ್ಟವಾಗಿತ್ತು. ಇದಕ್ಕೆ ಪರಿಹಾರವಾಗಿ 1994ರಲ್ಲಿ ನೆಟ್‌ಸ್ಕೇಪ್‌ನ ಲೂ ಮಾಂಟುಲಿ ಕುಕಿ ರೂಪಿಸಿದರು. ಜಾಹೀರಾತು ಜಾಲಗಳು ಅದನ್ನೇ ಬಳಸಿ ಒಬ್ಬನೇ ಬಳಕೆದಾರನನ್ನು ಹಲವು ತಾಣಗಳಲ್ಲಿ ಹಿಂಬಾಲಿಸತೊಡಗಿದವು. ಮೂರನೆಯವರ ಕುಕಿಗಳಿಗೆ, ಅಂದರೆ ನಾವು ನೋಡುತ್ತಿರುವ ತಾಣದ್ದಲ್ಲದೆ ಬೇರೆಯವರು ಇಡುವ ಕುಕಿಗಳಿಗೆ, ಬಳಕೆದಾರ ಹೇಳದೆ ಅವಕಾಶ ಕೊಡಕೂಡದು ಎಂದು 1997ರ ಆರ್‌ಎಫ್‌ಸಿ 2109 ಎಂಬ ಅಂತರ್ಜಾಲ ಮಾನಕದ ದಾಖಲೆ ಹೇಳಿತು. ಆಗಿನ ಎರಡು ದೊಡ್ಡ ಬ್ರೌಸರ್‌ಗಳು, ನೆಟ್‌ಸ್ಕೇಪ್ ಮತ್ತು ಇಂಟರ್ನೆಟ್ ಎಕ್ಸ್‌ಪ್ಲೋರರ್, ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ.

ತಂತ್ರಜ್ಞಾನವೇ ಸಮಾಜದ ದಾರಿ ನಿರ್ಧರಿಸುತ್ತದೆ ಎಂಬ ನಿಯತಿವಾದ ಇಲ್ಲಿ ಮುಗ್ಗರಿಸುತ್ತದೆ: ತಂತ್ರ ಒಂದೇ, ದಾರಿ ಎರಡಿತ್ತು. ಟ್ರೆವರ್ ಪಿಂಚ್ ಮತ್ತು ವೀಬೆ ಬೈಕರ್ 1984ರಲ್ಲಿ ಮಂಡಿಸಿದ ಸಾಮಾಜಿಕ ನಿರ್ಮಾಣವಾದ, ಅಂದರೆ ಬೇರೆಬೇರೆ ಗುಂಪುಗಳು ಕೊಡುವ ಅರ್ಥವೇ ತಂತ್ರಜ್ಞಾನವನ್ನು ರೂಪಿಸುತ್ತದೆ ಎಂಬ ವಾದ, ಚೆನ್ನಾಗಿ ಹೊಂದುತ್ತದೆ. ಬ್ರೌಸರ್ ತಯಾರಕರು, ಜಾಹೀರಾತುದಾರರು, ಮಾನಕ ಬರೆಯುವವರು, ಬಳಕೆದಾರರು ಎಂದು ಗುಂಪುಗಳನ್ನು ಪಟ್ಟಿ ಮಾಡಿ. ಒಬ್ಬೊಬ್ಬರಿಗೂ ಕುಕಿ ಏನಾಗಿತ್ತು, ಯಾರ ಅರ್ಥ ಯಾವಾಗ ನೆಲೆನಿಂತಿತು ಎಂದು ಬರೆಯಿರಿ. ಹೆಚ್ಚಿನವರು ಎಡವುವುದು ಕೊನೆಯ ಗುಂಪಿನಲ್ಲಿ. ಸಾಮಾನ್ಯ ಬಳಕೆದಾರನಿಗೆ ಕುಕಿ ಇದೆಯೆಂದೇ ಗೊತ್ತಿರಲಿಲ್ಲ. ದಾಖಲೆಯಲ್ಲಿ ಅವನ ಮೌನ ಸಮ್ಮತಿಯಂತೆ ಕಾಣುತ್ತದೆ. ನಿರ್ಮಾಣವಾದ ಹೊರಗುಳಿದವರನ್ನು ಕಾಣುವುದಿಲ್ಲವೆಂದು ತಂತ್ರಜ್ಞಾನದ ಚಿಂತಕ ಲ್ಯಾಂಗ್ಡನ್ ವಿನ್ನರ್ 1993ರಲ್ಲೇ ಆಕ್ಷೇಪಿಸಿದ್ದರು. ಅದನ್ನು ಓದದೆ ಮುಂದುವರಿಯಬೇಡಿ.

ಕೆಲವೇ ತಾಣಗಳು ಏಕೆ ದೈತ್ಯವಾದವು ಎಂಬುದು ನಿಮ್ಮ ಪ್ರಶ್ನೆಯಾದರೆ ಬರಾಬಾಸಿ ಮತ್ತು ಆಲ್ಬರ್ಟ್ ಅವರ 1999ರ ಮಾದರಿ ನೋಡಿ: ಹೆಚ್ಚು ಕೊಂಡಿಗಳಿರುವ ಪುಟಕ್ಕೇ ಹೊಸ ಕೊಂಡಿಗಳೂ ಸೇರುತ್ತವೆ. ಆದರೆ ಇದರಲ್ಲಿ ಮೊದಲು ಬಂದವರೇ ಗೆಲ್ಲಬೇಕು, 1998ರಲ್ಲಿ ಶುರುವಾದ ಗೂಗಲ್ ಹಳಬರನ್ನು ಹಿಂದಿಕ್ಕಿದ್ದು ವಿವರಿಸಲಾಗದು. ಅದಕ್ಕೆಂದೇ ಪುಟದ ಸ್ವಂತ ಯೋಗ್ಯತೆಯನ್ನೂ ಲೆಕ್ಕಕ್ಕೆ ಸೇರಿಸಿದ ಬಿಯಾಂಕೋನಿ–ಬರಾಬಾಸಿ ಮಾದರಿ 2001ರಲ್ಲಿ ಬಂತು. ಹೊಸತು ಜನರಲ್ಲಿ ಹರಡುವ ಬಗೆಯನ್ನು ತೋರಿಸುವ ರೋಜರ್ಸ್ ಅವರ ಎಸ್ ಆಕಾರದ ಗೆರೆ ಎಷ್ಟು ಜನ, ಯಾವಾಗ ಅಳವಡಿಸಿಕೊಂಡರು ಎಂಬುದಕ್ಕಷ್ಟೇ ಸಾಕು.

ಪುರಾವೆಗೆ ಮೂರು ಆರ್‌ಎಫ್‌ಸಿಗಳನ್ನು, ಅಂದರೆ 2109, 2965, 6265 ಇವನ್ನು, ಅಕ್ಕಪಕ್ಕ ಇಟ್ಟು ಮೂರನೆಯವರ ಕುಕಿಯ ಭಾಗವನ್ನು ಹೋಲಿಸಿ. ಹಳೆಯ ಪುಟಗಳಿಗೆ ವೆಬ್ ಪುಟಗಳ ಪ್ರತಿಗಳನ್ನು ಕೂಡಿಡುವ ವೇಬ್ಯಾಕ್ ಮಷೀನ್ ಇದೆ. ಆದರೆ ಅದು ತೋರಿಸುವ ಒಂದೇ ಪುಟದಲ್ಲಿ ಬರಹ ಒಂದು ದಿನದ್ದು, ಚಿತ್ರ ಇನ್ನೊಂದು ದಿನದ್ದು ಇರಬಹುದು. ಉಲ್ಲೇಖಿಸುವ ಮುನ್ನ ಪ್ರತಿ ಭಾಗದ ದಿನಾಂಕವನ್ನೂ ಬೇರೆಬೇರೆಯಾಗಿ ಪರಿಶೀಲಿಸಿ.